ಅಮೀನಾಳ ಸಂಚಿಯ ಐದು ಪೈಸೆ

ಉರ್ದು ಅಥವಾ ಹಿಂದಿ ಪಠ್ಯ ಓದಿದವರಲ್ಲಿ ಪ್ರೇಮಚಂದರ 'ಈದ್‌ಗಾಹ್' ಕಥೆ ಗೊತ್ತಿಲ್ಲದವರು ಸಿಗುವುದು ಕಷ್ಟ. 1933ರಲ್ಲಿ ಪ್ರಕಟವಾದ ಈ ಕಥೆಯ ಹಮೀದ್ ನಾಲ್ಕೈದು ವರ್ಷದ ಅನಾಥ ಹುಡುಗ. ಈದ್‌ನ ದಿನ ಮೂರು ಪೈಸೆ ಜೇಬಿನಲ್ಲಿಟ್ಟುಕೊಂಡು ಊರಿನ ಹುಡುಗರ ಜೊತೆ ಈದ್‌ಗಾಹ್‌ಗೆ ಹೊರಡುತ್ತಾನೆ. ಉಳಿದವರು ಮಣ್ಣಿನ ಸಿಪಾಯಿ, ಭಿಸ್ತಿ, ವಕೀಲರ ಗೊಂಬೆಗಳನ್ನು ಕೊಳ್ಳುತ್ತಾರೆ, ಮಿಠಾಯಿ ತಿನ್ನುತ್ತಾರೆ. ಹಮೀದ್ ಮಾತ್ರ ಕಬ್ಬಿಣದ ಸಾಮಾನಿನ ಅಂಗಡಿಯ ಮುಂದೆ ನಿಂತು, ಚೌಕಾಸಿ ಮಾಡಿ, ಇದ್ದ ಮೂರು ಪೈಸೆಗೂ ಒಂದು ಇಕ್ಕಳ ಕೊಂಡು ತರುತ್ತಾನೆ. ರೊಟ್ಟಿ ತೆಗೆಯುವಾಗ ಅಜ್ಜಿಯ ಬೆರಳು ಸುಡುತ್ತದೆ ಎಂಬುದು ಅವನಿಗೆ ನೆನಪಿದೆ.

ಈ ಕಥೆಯನ್ನು ನಮಗೆ ತ್ಯಾಗದ ಪಾಠವಾಗಿ ಹೇಳಿಕೊಟ್ಟರು. ನಾವೂ ನಮ್ಮ ಮಕ್ಕಳಿಗೆ ಹಾಗೆಯೇ ಹೇಳಿಕೊಟ್ಟೆವು. ಆದರೆ ಕಥೆಯಲ್ಲಿ ಇನ್ನೊಂದು ಲೆಕ್ಕವಿದೆ. ಅಜ್ಜಿ ಅಮೀನಾ ಬಟ್ಟೆ ಹೊಲಿದು ಎಂಟಾಣೆ ಗಳಿಸಿದ್ದಳು. ಅದನ್ನು ಹಬ್ಬಕ್ಕೆಂದು ಜೋಪಾನ ಮಾಡಿದ್ದಳು. ಹಿಂದಿನ ದಿನ ಹಾಲಿನವಳು ಬಂದು ಬಾಕಿಗೆ ಪಟ್ಟು ಹಿಡಿದಳು. ಕೊಡದಿರಲು ಆಗದು, ಹಮೀದನಿಗೆ ಬೇರೇನಿಲ್ಲದಿದ್ದರೂ ಹಾಲಾದರೂ ಬೇಕು. ಕೊನೆಗೆ ಉಳಿದದ್ದು ಎರಡಾಣೆ, ಅಂದರೆ ಆ ಕಾಲದ ಎಂಟು ಪೈಸೆ. ಮೂರು ಹಮೀದನ ಜೇಬಿನಲ್ಲಿ, ಐದು ಅಮೀನಾಳ ಸಂಚಿಯಲ್ಲಿ. ಆ ಐದು ಪೈಸೆಯಲ್ಲೇ ಹಬ್ಬ ಆಗಬೇಕು. ಅಗಸಗಿತ್ತಿ, ಬಳೆಗಾರ್ತಿ, ಕಸ ಗುಡಿಸುವವಳು ಎಲ್ಲರೂ ಹಬ್ಬದ ಪಾಲಿಗೆ ಬಾಗಿಲಿಗೆ ಬರುತ್ತಾರೆ. ಯಾರಿಗೂ ಮುಖ ತಿರುಗಿಸುವಂತಿಲ್ಲ.

ಪ್ರೇಮಚಂದ್ ಈ ಲೆಕ್ಕವನ್ನು ಸುಮ್ಮನೆ ಬರೆದವರಲ್ಲ. ಹಮೀದನ ಮೂರು ಪೈಸೆ ಎಲ್ಲರಿಗೂ ನೆನಪಿದೆ, ಅಮೀನಾಳ ಐದು ಪೈಸೆ ಯಾರಿಗೂ ನೆನಪಿಲ್ಲ. ಆದರೆ ಆ ಐದು ಪೈಸೆ ಇಲ್ಲದಿದ್ದರೆ ಹಮೀದನ ಇಕ್ಕಳವೂ ಇಲ್ಲ. ಬೆರಳು ಸುಡುವ ಅಡುಗೆಮನೆಯಲ್ಲಿ ಬೆಳೆದವನು, ಮನೆಯ ಕೊರತೆಯನ್ನು ಹತ್ತಿರದಿಂದ ಕಂಡವನು ಅವನು. ಜಾತ್ರೆಯಲ್ಲಿ ಅವನಿಗೆ ಯಾರೂ ಉಪದೇಶ ಮಾಡಲಿಲ್ಲ. ಅವನ ವಿವೇಕ ಜಾತ್ರೆಯಲ್ಲಿ ಹುಟ್ಟಿದ್ದಲ್ಲ, ಮನೆಯಲ್ಲಿ ಹುಟ್ಟಿದ್ದು.

ಈ ಹಳೆಯ ಕಥೆಯನ್ನು ಈಗ ಮತ್ತೆ ಓದಲು ಕಾರಣವಿದೆ. ಡಿಪ್ಲೊಮಾ, ಪದವಿ ಮುಗಿಸಿದ ನಮ್ಮ ಹುಡುಗ ಹುಡುಗಿಯರು ಕಲಬುರಗಿ, ರಾಯಚೂರು, ಹಾಸನ, ಕೋಲಾರ ಕಡೆಗಳಿಂದ ಬೆಂಗಳೂರಿನ ಹೊರಅಂಚಿಗೆ ಬರುತ್ತಿದ್ದಾರೆ. ಅಲ್ಲಿ ಪೀಣ್ಯದ ಕಾರ್ಖಾನೆಗಳು ಮತ್ತು ತಾಂತ್ರಿಕ ತರಬೇತಿ ಕೇಂದ್ರಗಳಿವೆ. 1978ರಲ್ಲಿ ಆರ್.ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿ ಇದೆ. 1882ರಲ್ಲಿ ಆಂಗ್ಲೋ ಇಂಡಿಯನ್ನರ ಬೇಸಾಯದ ವಸಾಹತಾಗಿ ಹುಟ್ಟಿ ಈಗ ಗಾಜಿನ ಕಟ್ಟಡಗಳ ನಡುವೆ ಕಳೆದುಹೋಗಿರುವ ವೈಟ್‌ಫೀಲ್ಡ್ ಇದೆ. ಜೀವನದಲ್ಲಿ ಮೊದಲ ಬಾರಿಗೆ ಅವರ ಕೈಗೆ ಒಂದು ತಿಂಗಳ ಹಣ ಒಟ್ಟಿಗೆ ಬರುತ್ತದೆ, ಮೊದಲ ಬಾರಿಗೆ ತಿಂಗಳ ಕೊನೆಯ ವಾರವೂ ಬರುತ್ತದೆ. ಇವರಿಗಾಗಿ ಹಣ ನಿರ್ವಹಣೆಯ ಪುಸ್ತಕಗಳು, ಕಾಲೇಜಿನ ಕೊನೆಯ ವರ್ಷದ ಉಪನ್ಯಾಸಗಳು, ಪತ್ರಿಕೆಗಳ ಅಂಕಣಗಳು ಧಾರಾಳವಾಗಿವೆ. ಈ ಬರವಣಿಗೆಯೂ ಒಂದು ಸಾಹಿತ್ಯ ಪ್ರಕಾರವೇ. ಆದ್ದರಿಂದ ಅದನ್ನೂ ವಿಮರ್ಶೆಯ ಕಣ್ಣಿನಿಂದ ನೋಡುವುದು ತಪ್ಪಲ್ಲ.

ಈ ಪ್ರಕಾರದ ಮೂಲಮಂತ್ರ ಐವತ್ತು–ಮೂವತ್ತು–ಇಪ್ಪತ್ತು. ಅಮೆರಿಕದಲ್ಲಿ ದಿವಾಳಿ ಕಾನೂನಿನ ಪ್ರಾಧ್ಯಾಪಕಿಯಾಗಿದ್ದ, ನಂತರ ಸೆನೆಟರ್ ಆದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು ಅಮೇಲಿಯಾ ವಾರೆನ್ ತ್ಯಾಗಿ 2005ರಲ್ಲಿ ತಂದ ಪುಸ್ತಕದಿಂದ ಇದು ಜನಪ್ರಿಯವಾಯಿತು. ಆದಾಯದ ಅರ್ಧ ಅಗತ್ಯಗಳಿಗೆ, ನೂರಕ್ಕೆ ಮೂವತ್ತು ಆಸೆಗಳಿಗೆ, ಇಪ್ಪತ್ತು ಉಳಿತಾಯಕ್ಕೆ ಅಥವಾ ಸಾಲ ತೀರಿಸಲಿಕ್ಕೆ. ವಾರೆನ್ ಅವರ ಉದ್ದೇಶದ ಬಗ್ಗೆ ನಮಗೆ ತಕರಾರಿಲ್ಲ. ದುಡಿಯುವ ಕುಟುಂಬಗಳು ಯಾಕೆ ದಿವಾಳಿಯಾಗುತ್ತವೆ ಎಂದು ವರ್ಷಗಟ್ಟಲೆ ಅಧ್ಯಯನ ಮಾಡಿದವರು ಅವರು. ನಮ್ಮ ತಕರಾರು ಇರುವುದು ಅದನ್ನು ಇಲ್ಲಿಗೆ ಹಾಗೆಯೇ ಎತ್ತಿ ತಂದವರ ಮೇಲೆ.

ಲೆಕ್ಕ ಹಾಕಿಯೇ ನೋಡೋಣ. 2019ರಲ್ಲಿ ತಿದ್ದಿದ ಅಪ್ರೆಂಟಿಸ್ ನಿಯಮಗಳು ಡಿಪ್ಲೊಮಾ ಪಡೆದ ತರಬೇತುದಾರನಿಗೆ ನಿಗದಿ ಮಾಡಿದ ಕನಿಷ್ಠ ಶಿಷ್ಯವೇತನ ತಿಂಗಳಿಗೆ 8,000 ರೂಪಾಯಿ, ಪದವೀಧರನಿಗೆ 9,000. ಎಂಟು ಸಾವಿರದ ಅರ್ಧ ನಾಲ್ಕು ಸಾವಿರ. ಈ ನಾಲ್ಕು ಸಾವಿರದಲ್ಲಿ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಕೋಣೆಯ ಪಾಲು, ಮೂರು ಹೊತ್ತಿನ ಊಟ, ಓಡಾಟ, ಔಷಧಿ, ಫೋನು ಎಲ್ಲ ಆಗಬೇಕು. ಸೂತ್ರದ ಪ್ರಕಾರ ಆಸೆಗಳಿಗೆ 2,400 ರೂಪಾಯಿ ಮೀಸಲು! ಇದನ್ನು ಓದಿದ ಹುಡುಗ ನಗಬೇಕೋ ಅಳಬೇಕೋ? ಅವನ ಅಗತ್ಯವೇ ಎಂಟು ಸಾವಿರವನ್ನು ದಾಟುತ್ತದೆ. ಸೂತ್ರಕ್ಕೆ ಹೊಂದದ ತನ್ನ ಬದುಕನ್ನು ಕಂಡು ಅವನು ತನ್ನನ್ನೇ ದೂರಿಕೊಳ್ಳುತ್ತಾನೆ, ತನಗೆ ಶಿಸ್ತಿಲ್ಲ ಎಂದುಕೊಳ್ಳುತ್ತಾನೆ. ಸಂಬಳ ಸಾಲದ್ದನ್ನು ಸ್ವಭಾವದ ದೋಷವಾಗಿ ತೋರಿಸುವುದು ಈ ಪ್ರಕಾರದ ಮೊದಲ ದೋಷ.

ಎರಡನೆಯ ದೋಷ ಇನ್ನೂ ಆಳದ್ದು. ಈ ಲೆಕ್ಕದಲ್ಲಿ ಒಬ್ಬನೇ ಇದ್ದಾನೆ. ಅಗತ್ಯ ಅವನದು, ಆಸೆ ಅವನದು, ಉಳಿತಾಯ ಅವನದು. ಊರಿಗೆ ಕಳಿಸುವ ಹಣ ಯಾವ ಕಾಲಂಗೆ ಹೋಗಬೇಕು? ತಂಗಿಯ ಕಾಲೇಜು ಶುಲ್ಕ ಅಗತ್ಯವೋ ಆಸೆಯೋ? ಅಬ್ಬಾನ ಸಕ್ಕರೆ ಕಾಯಿಲೆಯ ಮಾತ್ರೆ ಯಾರ ಅಗತ್ಯ? ಓದಿಗೆ ಮಾಡಿದ ಸಾಲದ ಕಂತು ಇವನದೋ ಮನೆಯದೋ? ನಮ್ಮ ಹುಡುಗರ ಬಜೆಟ್‌ನಲ್ಲಿ ಇವು ಮೊದಲ ಸಾಲಿನಲ್ಲೇ ಬರುತ್ತವೆ. ಅಮೀನಾಳ ಸಂಚಿಯಲ್ಲಿ ಅಗಸಗಿತ್ತಿಯ ಪಾಲು ಇದ್ದ ಹಾಗೆ, ನಮ್ಮ ದುಡ್ಡಿನಲ್ಲಿ ಯಾವಾಗಲೂ ಬೇರೆಯವರ ಪಾಲು ಇರುತ್ತದೆ. ಇದನ್ನು ಕಾಣದ ಬಜೆಟ್ ಪಾಠ ನಮ್ಮ ಮಕ್ಕಳಿಗೆ ಒಂದೋ ಅಪ್ರಸ್ತುತವಾಗುತ್ತದೆ, ಇಲ್ಲವೇ ಮನೆಯವರನ್ನೇ ಖರ್ಚಿನ ಬಾಬತ್ತಾಗಿ ನೋಡಲು ಕಲಿಸುತ್ತದೆ.

ಹಾಗೆಂದು ನಾವು ಮನೆಯನ್ನು ಹಾಡಿ ಹೊಗಳಲು ಹೊರಟಿಲ್ಲ. ಈ ವಿಷಯದಲ್ಲಿ ಕನ್ನಡದ ಒಂದು ಕೃತಿ ನಮ್ಮನ್ನು ಎಚ್ಚರಿಸುತ್ತದೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರಲ್ಲಿ ಬಂದ ಸಣ್ಣ ಕಾದಂಬರಿ. ಶ್ರೀನಾಥ್ ಪೇರೂರರ ಅನುವಾದದ ಮೂಲಕ ಅದು ಹೊರಜಗತ್ತಿಗೂ ತಲುಪಿತು. ಅದನ್ನು ಕುಟುಂಬದ ಕ್ರೌರ್ಯದ ಕಥೆಯೆಂದು, ಜಾಗತೀಕರಣದ ಕಾಲದ ಬೆಂಗಳೂರಿನ ಕಥೆಯೆಂದು ಓದಿದ್ದಾರೆ. ನಾವು ಅದನ್ನು ಲೆಕ್ಕ ಬರೆಯುವುದನ್ನು ನಿಲ್ಲಿಸಿದ ಮನೆಯ ಕಥೆಯಾಗಿ ಓದುತ್ತೇವೆ.

ಕಾದಂಬರಿಯ ಹಳೆಯ ಮನೆ ಇಕ್ಕಟ್ಟಿನದು, ಇರುವೆಗಳ ಕಾಟದ್ದು. ಅಪ್ಪ ಚಹಾ ಕಂಪನಿಯ ಸೇಲ್ಸ್‌ಮನ್. ಸಂಜೆ ವಸೂಲಿಯ ಲೆಕ್ಕ ಹೊಂದದಿದ್ದರೆ ಇಡೀ ಮನೆ ಕೂತು ತಪ್ಪು ಹುಡುಕುತ್ತದೆ. ಗ್ಯಾಸ್ ಒಲೆ ಕೊಳ್ಳುವುದು ಎಲ್ಲರೂ ಸೇರಿ ಮಾಡುವ ನಿರ್ಧಾರ. ಮಕ್ಕಳಿಗೂ ಯಾವ ವಸ್ತುವಿಗೆ ಎಷ್ಟು ಎಂಬುದು ಗೊತ್ತು. ಮುಂದೆ ಚಿಕ್ಕಪ್ಪನ ಸೋನಾ ಮಸಾಲ ಕಂಪನಿ ಬೆಳೆಯುತ್ತದೆ, ದೊಡ್ಡ ಮನೆ ಬರುತ್ತದೆ. ನಿರೂಪಕ ಹೆಸರಿಗೆ ಕಂಪನಿಯ ನಿರ್ದೇಶಕ. ತಿಂಗಳು ತಿಂಗಳು ಅವನ ಖಾತೆಗೆ ಹಣ ಬೀಳುತ್ತದೆ, ಅವನು ಕಾಫಿ ಹೌಸಿನಲ್ಲಿ ಕೂರುತ್ತಾನೆ. ಹಣ ಎಲ್ಲಿಂದ ಬರುತ್ತದೆ, ಅದರ ಬದಲಿಗೆ ಮನೆಯವರು ಯಾವುದಕ್ಕೆ ಕಣ್ಣು ಮುಚ್ಚಿಕೊಳ್ಳಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ. ಗಳಿಸುವ ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಎಲ್ಲರೂ ಸೇರಿ ಬಾಗಿಲಿನಿಂದಲೇ ಅಟ್ಟುತ್ತಾರೆ. ಪ್ರಶ್ನೆ ಕೇಳುವವಳು ಸೊಸೆ ಅನಿತಾ ಒಬ್ಬಳೇ. ದುಡಿಯದೆ ಪಡೆದ ಹಣದ ಬಗ್ಗೆ ಅವಳಿಗಿರುವ ಅಸಹನೆಯೇ ಆ ಮನೆಗೆ ಅಪಾಯವಾಗಿ ಕಾಣುತ್ತದೆ.

ಬಡತನದಲ್ಲಿ ಬಿಚ್ಚಿದ್ದ ಲೆಕ್ಕದ ಪುಸ್ತಕ ಸಿರಿತನದಲ್ಲಿ ಮುಚ್ಚಿಕೊಂಡಿತು. ಅದರ ಜೊತೆಗೆ ಒಳ್ಳೆಯದು ಕೆಟ್ಟದ್ದರ ವಿಚಾರಣೆಯೂ ಮುಚ್ಚಿಕೊಂಡಿತು. ನಿರೂಪಕನಿಗೆ ವಯಸ್ಸಾಗಿದೆ, ಮದುವೆಯಾಗಿದೆ, ಆದರೆ ಅವನು ಎಂದೂ ದೊಡ್ಡವನಾಗಲಿಲ್ಲ. ಅವನು ಹಮೀದನಿಗೆ ಸರಿಯಾಗಿ ತಿರುಗುಮುರುಗು. ಐದು ವರ್ಷದ ಹಮೀದ್ ಮೂರು ಪೈಸೆಯಲ್ಲಿ ದೊಡ್ಡವನಾಗುತ್ತಾನೆ, ಇವನು ಲಕ್ಷಗಳ ನಡುವೆ ಮಗುವಾಗಿಯೇ ಉಳಿಯುತ್ತಾನೆ.

ಈಗ ನಮ್ಮ ಮನೆಗಳ ಕಡೆಗೆ ನೋಡೋಣ. ನಾವು ಶ್ರೀಮಂತರಲ್ಲ. ಆದರೂ ಲೆಕ್ಕದ ಪುಸ್ತಕವನ್ನು ಮಕ್ಕಳಿಂದ ಮುಚ್ಚಿಟ್ಟಿದ್ದೇವೆ. "ನೀನು ಓದು, ಹಣದ ಚಿಂತೆ ನಮಗಿರಲಿ" ಎಂಬ ಮಾತು ಈಗ ಪ್ರತಿ ಮನೆಯಲ್ಲೂ ಕೇಳುತ್ತದೆ. ಆಟೊ ಓಡಿಸುವವರು, ಗುಜರಿ ಅಂಗಡಿಯವರು, ಬೀಡಿ ಕಟ್ಟುವವರು, ಶಾಲಾ ಮೇಷ್ಟರು ಎಲ್ಲರೂ ಇದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಅದರ ಹಿಂದೆ ತಾವು ಪಟ್ಟ ಅವಮಾನ ಮಕ್ಕಳಿಗೆ ಬೇಡ ಎಂಬ ಆಸೆಯಿದೆ. ಆದರೆ ಫಲಿತಾಂಶವೇನು? ಮಗನಿಗೆ ಕಾಲೇಜಿನ ಶುಲ್ಕಕ್ಕೆ ಅಮ್ಮಿಯ ಬಳೆ ಅಡವಿಗೆ ಹೋದದ್ದು ಗೊತ್ತಿರುವುದಿಲ್ಲ. ಮಗಳಿಗೆ ಮನೆಯ ತಿಂಗಳ ದಿನಸಿ ಎಷ್ಟೆಂದು ಗೊತ್ತಿರುವುದಿಲ್ಲ. ಇಪ್ಪತ್ತೊಂದು ವರ್ಷ ಹಣದ ಮುಖವನ್ನೇ ತೋರಿಸದೆ ಬೆಳೆಸಿ, ಒಂದು ಬೆಳಿಗ್ಗೆ ಟ್ರಂಕು ಕೊಟ್ಟು ಎಲೆಕ್ಟ್ರಾನಿಕ್ ಸಿಟಿಗೆ ಕಳಿಸಿ, ಜವಾಬ್ದಾರಿಯಿಂದ ಇರು ಎನ್ನುತ್ತೇವೆ. ಪ್ರೀತಿಯೂ ಲೆಕ್ಕ ಮುಚ್ಚಿಡಬಲ್ಲದು ಎಂಬುದನ್ನು ಶಾನಭಾಗರ ಕಾದಂಬರಿ ಹೇಳುವುದಿಲ್ಲ. ಅದು ನಮ್ಮಂಥ ಮನೆಗಳಿಂದ ಬರೆಯಬೇಕಾದ ಇನ್ನೊಂದು ಕಥೆ.

ಲೆಕ್ಕ ಹೇಳಿಕೊಳ್ಳುವುದು ನಾಚಿಕೆಯ ಸಂಗತಿ ಎಂಬ ಭಾವನೆ ನಮಗೆ ಎಲ್ಲಿಂದ ಬಂತೋ ತಿಳಿಯದು. ನಮ್ಮ ಪರಂಪರೆಯಲ್ಲಂತೂ ಅದಿಲ್ಲ. ಕುರ್‌ಆನಿನ ಅತಿ ದೀರ್ಘವಾದ ಆಯತ್ ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾಗಿದೆ. ಉರ್ದು ಗದ್ಯಕ್ಕೆ ಹೊಸ ದಾರಿ ತೋರಿದ ಗಾಲಿಬನ ಪತ್ರಗಳನ್ನು ತೆರೆದರೆ ಅಲ್ಲಿ ಬರಿಯ ಪ್ರೇಮವೂ ವಿರಹವೂ ಇಲ್ಲ. ತಿಂಗಳಿಗೆ 62 ರೂಪಾಯಿ 8 ಆಣೆಯ ಪಿಂಚಣಿ, 1857ರ ನಂತರ ಅದು ನಿಂತದ್ದು, 1860ರಲ್ಲಿ ಮತ್ತೆ ಬಂದದ್ದು, ರಾಂಪುರದ ನವಾಬರು ಕಳಿಸುತ್ತಿದ್ದ ನೂರು ರೂಪಾಯಿ, ಮನೆ ಬಾಡಿಗೆ, ಸಾಲಗಾರರು ಎಲ್ಲ ಇದೆ. ಅಷ್ಟು ದೊಡ್ಡ ಕವಿ ತನ್ನ ಖರ್ಚನ್ನು ಗೆಳೆಯರಿಗೆ ಬಿಚ್ಚಿ ಹೇಳಿದ. ಅವನು ಜಾಣ ಬಜೆಟ್‌ಗಾರನೇನಲ್ಲ, ಸಾಲದಲ್ಲೇ ಬದುಕಿದವನು. ಆದರೆ ತನ್ನ ಸಾಲವನ್ನು ಭಾಷೆಗೆ ತಂದ. ಫೋನಿನ ಸಾಲದ ಆ್ಯಪ್‌ಗಳಿಂದ ಐದು ಸಾವಿರ ಪಡೆದು, ಹೇಳಿಕೊಳ್ಳಲಾಗದೆ ಒಳಗೇ ಕುಗ್ಗುವ ನಮ್ಮ ಹುಡುಗರಿಗೆ ಮೊದಲು ಬೇಕಾದದ್ದು ಸೂತ್ರಕ್ಕಿಂತ ಹೆಚ್ಚಾಗಿ ಈ ಭಾಷೆ. ಡಿಜಿಟಲ್ ಸಾಲಗಳಿಗೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮಗಳನ್ನು ತಂದಿತು. ಆದರೆ ರಾತ್ರಿ ಹನ್ನೊಂದಕ್ಕೆ ವಸೂಲಿಯವರ ಕರೆ ಬಂದಾಗ ಅಬ್ಬಾನಿಗೆ ಹೇಳುವ ಧೈರ್ಯವನ್ನು ಯಾವ ನಿಯಮವೂ ಕೊಡಲಾರದು.

ಹುಡುಗಿಯರ ಮಾತು ಬೇರೆಯೇ. ನಮ್ಮಲ್ಲಿ ಲೆಕ್ಕ ಯಾವಾಗಲೂ ಹೆಂಗಸಿನ ಕೈಯಲ್ಲಿತ್ತು, ಹಣ ಇರಲಿಲ್ಲ. ಕಲ್ಯಾಣದ ಅಂಗಳದಲ್ಲಿ ಆಯ್ದ ಅಕ್ಕಿಯನ್ನು ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ತಂದಾಗ, ಇದು ನಮಗೆ ಬೇಡ ಎಂದು ಹಿಂದಕ್ಕೆ ಕಳಿಸಿದವಳು ಆಯ್ದಕ್ಕಿ ಲಕ್ಕಮ್ಮ. ಅಮೀನಾಳೂ ಅದೇ ಸಾಲಿನವಳು. ಬಾನು ಮುಷ್ತಾಕರ 'ಕರಿ ನಾಗರಗಳು' ಕಥೆಯಲ್ಲಿ, ಮಕ್ಕಳ ಪಾಲಿನ ಹಣಕ್ಕಾಗಿ ಮಸೀದಿಯ ಮುಂದೆ ಕೂರುವ ಹೆಣ್ಣನ್ನು ನಾವು ಕಂಡಿದ್ದೇವೆ. ಗಿರೀಶ ಕಾಸರವಳ್ಳಿಯವರ 'ಹಸೀನಾ' ಚಿತ್ರ 2004ರಲ್ಲಿ ಅದನ್ನು ತೆರೆಗೂ ತಂದಿತು. 2025ರಲ್ಲಿ 'ಎದೆಯ ಹಣತೆ'ಯ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಾಗ, ನಮ್ಮ ಮನೆಗಳ ಒಳಗಿನ ಈ ಲೆಕ್ಕವನ್ನೂ ಲೋಕ ಓದಿತು. ಅದು ಕೈಚಾಚಿ ಕೇಳಬೇಕಾದ ಹೆಣ್ಣಿನ ಕಥನ. ಅವಳ ಮಗಳು ಈಗ ತಾನೇ ದುಡಿಯುತ್ತಾಳೆ, ವೈಟ್‌ಫೀಲ್ಡಿನ ಪಿ.ಜಿ.ಯಲ್ಲಿ ನಾಲ್ಕು ಮಂಚಗಳ ಕೋಣೆಯಲ್ಲಿ ಇರುತ್ತಾಳೆ. ಅವಳ ಕಥೆ ಕನ್ನಡದಲ್ಲಿ ನಮಗೆ ಸಿಗುವುದು ಅಪರೂಪ.

ಅವಳ ಬಜೆಟ್‌ನಲ್ಲಿ ಯಾವ ಸೂತ್ರವೂ ಕಾಣದ ಸಾಲುಗಳಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಸಾಮಾನ್ಯ ಬಸ್ಸಿನ ಖರ್ಚು ಅವಳ ಲೆಕ್ಕದಿಂದ ಹೋಯಿತು. ಆದರೆ ರಾತ್ರಿ ಪಾಳಿ ಮುಗಿದ ಮೇಲೆ ಆಟೊಗೆ ಕೊಡುವ ಹಣ ಅಗತ್ಯವೇ ಹೊರತು ಆಸೆಯಲ್ಲ. ಬೀದಿಗೆ ಹತ್ತಿರದ, ದೀಪವಿರುವ, ಕಾವಲುಗಾರನಿರುವ ಪಿ.ಜಿ.ಗೆ ಕೊಡುವ ಹೆಚ್ಚಿನ ಬಾಡಿಗೆ ಭದ್ರತೆಯ ತೆರಿಗೆ. ಹೆಸರು ಕೇಳಿದ ಮೇಲೆ ಕೋಣೆ ಖಾಲಿಯಿಲ್ಲ ಎನ್ನಿಸಿಕೊಂಡು ದೂರದ ಬಡಾವಣೆಗೆ ಹೋದರೆ, ಆ ದೂರಕ್ಕೂ ಪ್ರತಿದಿನ ದುಡ್ಡು ಕೊಡಬೇಕು. ನಮ್ಮ ಹೆಸರಿಗೂ ಒಂದು ಬಾಡಿಗೆ ಇದೆ. ಮೆಟ್ರೊ 2023ರಲ್ಲಿ ವೈಟ್‌ಫೀಲ್ಡಿಗೂ 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರಕ್ಕೂ ಬಂತು. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತ್ತು. ಕೇಂದ್ರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ. ಹತ್ತು ತಿಂಗಳ ಮುಂಗಡಕ್ಕೆ ಹೆಸರಾದ ಬೆಂಗಳೂರು ಆ ಮಾತಿಗೆ ಸುಲಭವಾಗಿ ಕಿವಿಗೊಡುವ ಊರಲ್ಲ. ಪಿ.ಜಿ. ಬಾಡಿಗೆಗೆ ಶೇಕಡ 12 ಜಿಎಸ್‌ಟಿ ಅನ್ವಯಿಸುತ್ತದೆ ಎಂದು ಕರ್ನಾಟಕದ ಪೂರ್ವ ತೀರ್ಪು ಪ್ರಾಧಿಕಾರ 2023ರಲ್ಲಿ ಹೇಳಿತ್ತು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ, ತೊಂಬತ್ತು ದಿನಕ್ಕೆ ಕಡಿಮೆಯಿಲ್ಲದೆ ಇರುವವರಿಗೆ, ತಿಂಗಳಿಗೆ 20,000 ರೂಪಾಯಿಯವರೆಗೆ ವಿನಾಯಿತಿ ಕೊಡಲು ಒಪ್ಪಿತು. ಒಬ್ಬ ಹುಡುಗಿಯ ತಿಂಗಳ ಲೆಕ್ಕ ಅವಳ ಸ್ವಂತ ಶಿಸ್ತಿನ ಮೇಲೆ ಎಷ್ಟು ನಿಂತಿದೆ, ಬೇರೆಯವರ ತೀರ್ಮಾನಗಳ ಮೇಲೆ ಎಷ್ಟು ನಿಂತಿದೆ ಎಂಬುದಕ್ಕೆ ಇಷ್ಟು ಸಾಕು.

ಉಳಿತಾಯದ ಕಾಲಂ ಬಗ್ಗೆಯೂ ಒಂದು ಮಾತು. ಉಳಿಸು ಎನ್ನುವವರು ಎಲ್ಲಿ ಇಡಬೇಕು ಎಂಬುದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬಡ್ಡಿಯಿಂದ ದೂರವಿರಬೇಕೆನ್ನುವ ನಮ್ಮ ಮನೆಗಳ ಶ್ರದ್ಧೆಯನ್ನೇ ಬಂಡವಾಳ ಮಾಡಿಕೊಂಡ ಐಎಂಎ, 2019ರ ಜೂನ್‌ನಲ್ಲಿ ಕುಸಿದಾಗ ನಲವತ್ತು ಸಾವಿರಕ್ಕೂ ಹೆಚ್ಚು ಜನ ದೂರು ಕೊಟ್ಟರು. ಮಗಳ ಮದುವೆಯ ಹಣ, ಮಗನ ಎಂಜಿನಿಯರಿಂಗ್ ಹಣ, ನಿವೃತ್ತಿಯ ಹಣ ಹೋಯಿತು. ಹಲಾಲ್ ಎಂಬ ಫಲಕ ನೋಡಿದ ನಾವು ಲಾಭ ಎಲ್ಲಿಂದ ಬರುತ್ತದೆ ಎಂದು ಕೇಳಲಿಲ್ಲ. ಶಾನಭಾಗರ ನಿರೂಪಕನ ಕಾಯಿಲೆ ನಮ್ಮ ಸಮುದಾಯಕ್ಕೂ ಅಂಟಿತ್ತು.

ಆದರೆ ಇದೇ ಹೊರಅಂಚಿನಲ್ಲಿ ಉಳಿತಾಯದ ಇನ್ನೊಂದು ಕಥೆಯೂ ನಡೆಯಿತು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ನಿಯಮ ತಿದ್ದಿ, ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18ರಂದು ಹೊಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕಾರ್ಖಾನೆ ಬಿಟ್ಟು ಬೀದಿಗೆ ಬಂದರು. ಮರುದಿನ ತುಮಕೂರು ರಸ್ತೆಯ ಪೀಣ್ಯದ ಕಡೆಗೂ ಅದು ಹಬ್ಬಿತು. ಏಪ್ರಿಲ್ 19ರಂದೇ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಪತ್ರಿಕೆಗಳು ಅದನ್ನು ಸಂಚಾರ ಅಸ್ತವ್ಯಸ್ತದ, ಹಿಂಸಾಚಾರದ ಸುದ್ದಿಯಾಗಿ ಬರೆದವು. ನಮಗೆ ಕಾಣುವುದು ಬೇರೆ. ಆ ಸಣ್ಣ ಮೊತ್ತ ಮಕ್ಕಳ ಶುಲ್ಕಕ್ಕೆ, ಸಾಲ ತೀರಿಸಲು, ಮನೆಗೆ ಎಂದು ಅವರಲ್ಲಿ ಪ್ರತಿಯೊಬ್ಬಳಿಗೂ ಗೊತ್ತಿತ್ತು. ತನ್ನ ಲೆಕ್ಕ ತಾನು ಬಲ್ಲವಳಿಗೆ ಮಾತ್ರ ಅದನ್ನು ಕದಲಿಸಿದ ಕೈ ಕಾಣುತ್ತದೆ. ಅಮೀನಾಳ ಸಂಚಿ ಬೀದಿಗೆ ಬಂದು ಮಾತಾಡಿದ ದಿನಗಳು ಅವು. ಕಥೆ ಬರೆಯುವ ನಮ್ಮಂಥವರು ಅದನ್ನು ಇನ್ನೂ ಸರಿಯಾಗಿ ಬರೆದಿಲ್ಲ.

ಹಾಗಾದರೆ ಈ ಮಕ್ಕಳಿಗೆ ಏನು ಕಲಿಸಬೇಕು? ನಮ್ಮ ಸೂಚನೆಗಳು ಸರಳ. ಹೈಸ್ಕೂಲಿಗೆ ಬಂದ ಮಗು ತಿಂಗಳಿಗೊಮ್ಮೆ ಮನೆಯ ಖರ್ಚು ಬರೆಯಲಿ, ಸಾಲವಿದ್ದರೆ ಅದನ್ನೂ ಬರೆಯಲಿ. ಹೊರಡುವ ಮುಂಚೆ ಊರಿಗೆ ಎಷ್ಟು ಕಳಿಸಬೇಕು, ಯಾವಾಗಿನಿಂದ, ಯಾವ ತಿಂಗಳು ಆಗದಿದ್ದರೆ ಏನು ಎಂಬುದನ್ನು ಎಲ್ಲರೂ ಕೂತು ಬಾಯಿಬಿಟ್ಟು ಮಾತಾಡಲಿ. ಕೋಣೆಯ ಮುಂಗಡ ಹಣಕ್ಕೆ ರಸೀದಿ ಕೇಳುವುದನ್ನು, ಸಂಬಳದ ಚೀಟಿಯಲ್ಲಿ ಕಡಿತಗಳನ್ನು ಓದುವುದನ್ನು ಕಾಲೇಜುಗಳು ಹೇಳಿಕೊಡಲಿ. ಕೊನೆಯದಾಗಿ, ಹಮೀದನಿಗೆ ಪ್ರೇಮಚಂದ್ ಕೊಡದ ಒಂದು ಸಾಲನ್ನು ನಾವು ನಮ್ಮ ಮಕ್ಕಳ ಬಜೆಟ್‌ನಲ್ಲಿ ಸೇರಿಸಬೇಕು. ಮೂರು ಪೈಸೆಯಲ್ಲಿ ಒಂದು ಪೈಸೆ ಅವನ ಮಿಠಾಯಿಗೆ. ಎಂಟು ಸಾವಿರದಲ್ಲಿ ನೂರು ರೂಪಾಯಿಯಾದರೂ ಯಾರ ಕೊರತೆಗೂ ಸಲ್ಲದೆ ಅವಳ ಸ್ವಂತ ಸಂತೋಷಕ್ಕೆ ಇರಲಿ, ಅದಕ್ಕೆ ಅವಳು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಕಥೆಯ ಕೊನೆಯಲ್ಲಿ ಇಕ್ಕಳ ಕಂಡ ಅಮೀನಾ ಅಳುವುದು ಮೆಚ್ಚುಗೆಯಿಂದ ಮಾತ್ರವಲ್ಲ. ಉಳಿದ ಮಕ್ಕಳು ಮಿಠಾಯಿ ತಿನ್ನುವಾಗ ಈ ಮಗು ಹೇಗೆ ಮನಸ್ಸು ತಡೆದುಕೊಂಡಿತೋ ಎಂಬ ಸಂಕಟವೂ ಆ ಕಣ್ಣೀರಿನಲ್ಲಿದೆ. ಆ ಸಂಕಟವನ್ನು ಬಿಟ್ಟು ಬರಿಯ ತ್ಯಾಗವನ್ನು ಪಾಠ ಮಾಡಿದರೆ, ನಾವು ಕಥೆಯನ್ನೂ ಅರ್ಥ ಮಾಡಿಕೊಂಡಿಲ್ಲ, ಮಕ್ಕಳನ್ನೂ ಅರ್ಥ ಮಾಡಿಕೊಂಡಿಲ್ಲ.